ಮುಷ್ಟಿ ಬಿಡಿ, ಹಿಮ್ಮಡಿ ನೋಡಿ

ಬಾಕ್ಸಿಂಗಿಗೆ ಹೊಸಬರು ಮುಷ್ಟಿಯ ಮೇಲೇ ಕಣ್ಣು ನೆಟ್ಟು ಕೂರುತ್ತಾರೆ. ನಾನೂ ಹಾಗೇ ಇದ್ದೆ. ಡೊಂಬಿವಲಿಯ ಒಂದು ತರಬೇತಿ ಕೋಣೆಯಲ್ಲಿ ಕೋಚ್ ಹುಡುಗರಿಗೆ ಮತ್ತೆ ಮತ್ತೆ ‘ಪಾಯ್ ಫಿರವ್!’ ಎಂದು ಕೂಗುತ್ತಿದ್ದರು. ಕಾಲು ತಿರುಗಿಸು ಅಂತ. ಗುದ್ದುವುದು ಕೈ, ಬೈಗುಳ ಕಾಲಿಗೆ! ಅಲ್ಲಿಂದ ನನ್ನ ನೋಟ ಕೆಳಗಿಳಿಯಿತು.

ಮೊದಲು ಹಿಮ್ಮಡಿ. ಬಲಗೈ ಗುದ್ದು ಹೊರಡುವಾಗ ಹಿಂಗಾಲಿನ ಹಿಮ್ಮಡಿ ಮೇಲೆದ್ದು ಹೊರಕ್ಕೆ ತಿರುಗುತ್ತದೆ. ಕಾಲು ನೆಲವನ್ನು ಒತ್ತಿದಷ್ಟೂ ನೆಲ ಕಾಲನ್ನು ಒತ್ತುತ್ತದೆ. ಆ ಬಲ ಸೊಂಟ, ಭುಜ ಹಾದು ಮುಷ್ಟಿಗೆ ಬರುತ್ತದೆ. 1985ರ ಒಂದು ಸೋವಿಯತ್ ಅಧ್ಯಯನದಲ್ಲಿ ನುರಿತವರ ಗುದ್ದಿಗೆ ಕಾಲಿನ ಪಾಲು ಸುಮಾರು ಶೇ. 38, ಕಲಿಯುವವರದಕ್ಕೆ ಬರೀ 16. ಕಲ್ಯಾಣ್–ಠಾಣೆ ಲೋಕಲ್‌ನಲ್ಲಿ ಹಿಡಿಕೆ ಸಿಗದೆ ನಿಂತವರಿಗೆ ಬಾಕ್ಸರನ ನಿಲುವು ಹೊಸದಲ್ಲ: ಒಂದು ಕಾಲು ಮುಂದೆ, ಒಂದು ಹಿಂದೆ, ಮಂಡಿ ಸಡಿಲ.

ಆಮೇಲೆ ಮಣಿಕಟ್ಟು. ಒಲಿಂಪಿಕ್ ಬಾಕ್ಸರ್‌ಗಳ ಗುದ್ದನ್ನು ಅಳೆದ 2005ರ ವರದಿಯಲ್ಲಿ ಕೈಯ ಸರಾಸರಿ ವೇಗ ಸೆಕೆಂಡಿಗೆ 9 ಮೀಟರ್, ಬಲ 3,400 ನ್ಯೂಟನ್. ಅಂದರೆ 350 ಕಿಲೋ ಭಾರ ಬಿದ್ದ ಹಾಗೆ. ಆದರೆ ಗುರಿಗೆ ಬಡಿಯುವಾಗ ಮುಷ್ಟಿಯ ಹಿಂದೆ ನಿಜಕ್ಕೂ ಕೆಲಸ ಮಾಡಿದ ತೂಕ 3 ಕಿಲೋಗೂ ಕಡಿಮೆ. ಮಣಿಕಟ್ಟು ಮಡಿಚಿದರೆ ಅದೂ ಸೋರಿಹೋಗುತ್ತದೆ. ದಾರಿಯುದ್ದಕ್ಕೂ ಸಡಿಲವಾಗಿದ್ದು ತಾಗುವ ಕ್ಷಣದಲ್ಲಿ ಬಿಗಿಯುವ ಕೈ ಯಾವುದೆಂದು ಗುರುತಿಸಿ.

ಪೆಟ್ಟು ತಿನ್ನುವವನನ್ನೂ ಮರೆಯಬೇಡಿ. ಕ್ರಿಕೆಟ್ಟಿನಲ್ಲಿ ಕ್ಯಾಚ್ ಹಿಡಿಯುವಾಗ ಕೈ ಹಿಂದೆಳೆದುಕೊಳ್ಳುತ್ತೇವಲ್ಲ, ಹಾಗೆ ಜಾಣ ಬಾಕ್ಸರ್ ತಲೆಯನ್ನು ಗುದ್ದಿನ ದಿಕ್ಕಿಗೇ ಬಾಗಿಸುತ್ತಾನೆ. ತಾಗುವ ಹೊತ್ತು ಚೂರು ಹಿಗ್ಗಿದರೂ ಬಲ ಕುಗ್ಗುತ್ತದೆ.

ರಕ್ತ ಕಂಡು ಗುದ್ದನ್ನು ಅಳೆಯಬೇಡಿ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗ ಜಟ್ಟಿಯ ಬೋಳುತಲೆಯಿಂದ ಮೊದಲ ಹನಿ ರಕ್ತ ಚಿಮ್ಮುತ್ತಲೇ ಮುಗಿಯುತ್ತದೆ. ಬೆರಳಿಗೆ ತೊಟ್ಟ ಆಯುಧದ ಮೊನೆ ಚಿಕ್ಕದು. ಅಷ್ಟು ಸಣ್ಣ ಜಾಗದಲ್ಲಿ ಒತ್ತಡ ವಿಪರೀತ. ಚರ್ಮ ಸೀಳಲು ಸಾಧಾರಣ ಬಲವೇ ಸಾಕು. ಗ್ಲೌಸು ಅದೇ ಬಲವನ್ನು ಅಗಲಕ್ಕೆ ಹರಡುತ್ತದೆ.

ಪಂದ್ಯಕ್ಕೆ ಕಾಯಬೇಕಿಲ್ಲ. ಠಾಣೆಯಲ್ಲೋ ನವಿ ಮುಂಬಯಿಯಲ್ಲೋ ಅಭ್ಯಾಸ ನಡೆಯುವ ಕಡೆ ನೇತುಹಾಕಿದ ಚೀಲದ ಪಕ್ಕ ಹತ್ತು ನಿಮಿಷ ನಿಲ್ಲಿ. ಚೀಲ ಉಯ್ಯಾಲೆಯಂತೆ ದೂರ ತೂಗಿದರೆ ಅದು ಬರೀ ತಳ್ಳು. ಇದ್ದಲ್ಲೇ ಕುಳಿಬಿದ್ದು, ಸರಪಳಿ ಝಲ್ಲೆಂದರೆ ಅದು ಗುದ್ದು. ಆಗ ಹುಡುಗನ ಹಿಮ್ಮಡಿ ನೋಡಿ, ತಿರುಗಿರುತ್ತದೆ.