ದ್ವೀಪ ಖಾಲಿಯಾಗುವುದು ಯಾರಿಗಾಗಿ?

ಜಾನ್ ಫೌಲ್ಸ್‌ನ 'ದಿ ಮೇಗಸ್' ಕಾದಂಬರಿಯಲ್ಲಿ ನಿಕೊಲಸ್ ಅರ್ಫ್ ಎಂಬ ಇಂಗ್ಲಿಷ್ ಮೇಷ್ಟ್ರು ಒಬ್ಬನೇ ಬಹಳ ನಡೆಯುತ್ತಾನೆ. ಅವನಿರುವುದು ಗ್ರೀಸಿನ ಫ್ರಾಕ್ಸೋಸ್ ದ್ವೀಪದಲ್ಲಿ. ಊರು, ಬಂದರು, ಅವನು ಪಾಠ ಹೇಳುವ ಶಾಲೆ ಎಲ್ಲವೂ ಉತ್ತರದ ಅಂಚಿನಲ್ಲಿವೆ. ಮಿಕ್ಕಿದ್ದೆಲ್ಲ ಪೈನ್ ಕಾಡು. ಶಾಲೆಯ ಗದ್ದಲ ಸಾಕಾದಾಗ ಅವನು ಕಾಡಿನೊಳಗೆ ಏರಿ, ದ್ವೀಪದ ಬೆನ್ನಿನಂತಿರುವ ಗುಡ್ಡಸಾಲನ್ನು ದಾಟಿ, ದಕ್ಷಿಣದ ಕಡಲಿಗೆ ಇಳಿಯುತ್ತಾನೆ. ದಾರಿಯಲ್ಲಿ ಯಾರೂ ಸಿಗುವುದಿಲ್ಲ. ತೀರದಲ್ಲೂ ಯಾರೂ ಇಲ್ಲ. ಮೇ ತಿಂಗಳ ಕೊನೆಯ ಒಂದು ದಿನ ಹೀಗೆಯೇ ಹೋಗಿ ಈಜಿ ಬಂದು ನೋಡಿದರೆ ದಂಡೆಯ ಮೇಲೆ ಯಾರದೋ ಟವೆಲ್, ಈಜುವಾಗ ಕಾಲಿಗೆ ಹಾಕುವ ರಬ್ಬರ್ ರೆಕ್ಕೆ, ಒಂದು ಇಂಗ್ಲಿಷ್ ಕವನ ಸಂಕಲನ. ಸಂಕಲನದೊಳಗೆ ಎಲಿಯಟ್ ಮೊದಲಾದವರ ಕೆಲವು ಸಾಲುಗಳಿಗೆ ಗುರುತು ಹಾಕಿದೆ. ನಾನೊಬ್ಬನೇ ಇದ್ದೇನೆ ಎಂದುಕೊಂಡ ಜಾಗದಲ್ಲಿ ಯಾರೋ ತನ್ನನ್ನು ನೋಡುತ್ತಿದ್ದರು ಎಂಬುದು ಅವನಿಗೆ ಆಗ ಹೊಳೆಯುತ್ತದೆ.

1965ರಲ್ಲಿ ಬಂದ ಈ ಕಾದಂಬರಿಯನ್ನು ಓದಿದವರೆಲ್ಲ ಮಾತಾಡುವುದು ಆಮೇಲೆ ನಡೆಯುವ ಮಾಯಾಟದ ಬಗ್ಗೆ. ಬೂರಾನಿ ಎಂಬ ಬಂಗಲೆಯ ಒಡೆಯ ಕಾಂಚಿಸ್ ಈ ತರುಣನ ಸುತ್ತ ಹೆಣೆಯುವ ನಾಟಕ, ವೇಷ, ಸುಳ್ಳುಗಳ ಬಗ್ಗೆ. ನನಗೆ ಮಾತ್ರ ಆ ನಡಿಗೆಯೇ ಮುಖ್ಯವೆನಿಸುತ್ತದೆ. ಗ್ರೀಕ್ ದ್ವೀಪದಲ್ಲಿ ಒಬ್ಬಂಟಿಯಾಗಿ ಕಡಲತೀರಕ್ಕೆ ನಡೆದುಹೋಗುವುದು ಇಂದು ಪ್ರವಾಸ ಬರಹಗಳಲ್ಲಿ ಸವೆದುಹೋದ ದೃಶ್ಯ. ನಡೆಯುವವರು ಬೆವರುತ್ತಾರೆ, ದಾರಿ ತಪ್ಪುತ್ತಾರೆ, ಕೊನೆಗೆ ನೀಲಿ ನೀರು ಕಾಣುತ್ತದೆ, ತಮ್ಮನ್ನು ತಾವು ಕಂಡುಕೊಳ್ಳುತ್ತಾರೆ. ದ್ವೀಪ ಮಾತ್ರ ತನ್ನ ಬಗ್ಗೆ ಏನೂ ಹೇಳುವುದಿಲ್ಲ. ಈ ಮೌನ ಎಲ್ಲಿಂದ ಬಂತು?

ಈ ಪ್ರಶ್ನೆಗೆ ಫೌಲ್ಸ್ ಅರ್ಧ ಉತ್ತರ ಕೊಡುತ್ತಾನೆ. ಚಳಿಗಾಲದಲ್ಲಿ ನಿಕೊಲಸ್ ಬಂದೂಕು ಹಿಡಿದು ಸಾಯಲೆಂದು ಗುಡ್ಡಕ್ಕೆ ಹೋಗುತ್ತಾನೆ. ತನ್ನ ಕವಿತೆಗಳಲ್ಲಿ ಹುರುಳಿಲ್ಲವೆಂದು ಅಷ್ಟು ಹೊತ್ತಿಗೆ ಅವನಿಗೆ ಗೊತ್ತಾಗಿದೆ. ಪ್ರೀತಿಸಿದ ಹುಡುಗಿಯನ್ನು ಲಂಡನ್ನಿನಲ್ಲೇ ಬಿಟ್ಟುಬಂದಿದ್ದಾನೆ. ಆದರೆ ಕುದುರೆ ಎಳೆಯಲು ಆಗುವುದಿಲ್ಲ. ದೂರದಲ್ಲೆಲ್ಲೋ ಒಬ್ಬ ಹುಡುಗಿ ಹಾಡುತ್ತಿರುವುದು ಕೇಳುತ್ತದೆ. ತಾನು ಬಯಸುತ್ತಿರುವುದು ಸಾವನ್ನಲ್ಲ, ಯಾರೋ ನೋಡಲಿ ಎಂಬಂಥ ಚಂದದ ಸಾವನ್ನು ಎಂದು ಅವನಿಗೆ ತಿಳಿಯುತ್ತದೆ. ಪ್ರೇಕ್ಷಕರಿಲ್ಲದ ಏಕಾಂತ ಅವನಿಗೆ ಬೇಕಾಗಿಯೇ ಇರಲಿಲ್ಲ. ಮುಂದೆ ಕಾಂಚಿಸ್ ಒದಗಿಸುವುದು ಆ ಪ್ರೇಕ್ಷಕರನ್ನೇ. ಕಾದಂಬರಿಯ ಅತ್ಯಂತ ಪ್ರಾಮಾಣಿಕ ಪುಟಗಳು ಇವು. ಒಂಟಿ ನಡಿಗೆಯ ಹಿಂದಿರುವ ಆತ್ಮಮೋಹವನ್ನು ಇಷ್ಟು ನಿರ್ದಯವಾಗಿ ಬಿಡಿಸಿಟ್ಟ ಬರಹಗಾರರು ಕಡಿಮೆ.

ಇನ್ನರ್ಧ ಉತ್ತರ ಫೌಲ್ಸ್‌ನಲ್ಲಿ ಸಿಗುವುದಿಲ್ಲ. ಅದಕ್ಕೆ ಅವನ ಬದುಕಿನ ಕಾಲವನ್ನು ನೋಡಬೇಕು. ಅವನು ಸ್ಪೆಟ್ಸೆಸ್ ದ್ವೀಪದ ಶಾಲೆಗೆ ಇಂಗ್ಲಿಷ್ ಕಲಿಸಲು ಬಂದದ್ದು 1951ರಲ್ಲಿ. ಫ್ರಾಕ್ಸೋಸ್ ಆ ದ್ವೀಪದ್ದೇ ನೆರಳು. ಗ್ರೀಸಿನ ಅಂತರ್ಯುದ್ಧ ಮುಗಿದು ಆಗಿನ್ನೂ ಎರಡು ವರ್ಷ. ಸೋತ ಎಡಪಂಥೀಯರನ್ನು ಸರ್ಕಾರ ಕಳಿಸುತ್ತಿದ್ದದ್ದು ದ್ವೀಪಗಳಿಗೆ. ಕವಿ ಯಾನಿಸ್ ರಿಟ್ಸೋಸ್‌ನನ್ನು 1948ರಲ್ಲಿ ಬಂಧಿಸಿ ಮೊದಲು ಲೆಮ್ನೋಸ್‌ಗೆ, ಆಮೇಲೆ ಮಕ್ರೋನಿಸೋಸ್‌ಗೆ, ಅಲ್ಲಿಂದ ಅಯ್ ಸ್ಟ್ರಾಟಿಸ್‌ಗೆ ಸಾಗಿಸಿದರು. ಬಿಡುಗಡೆಯಾದದ್ದು 1952ರಲ್ಲಿ. ಅಂದರೆ ಒಬ್ಬ ತರುಣ ಇಂಗ್ಲಿಷ್ ಮೇಷ್ಟ್ರು ಪೈನ್ ಕಾಡಿನ ನಡುವೆ ಮುಟ್ಟಿದಲ್ಲೆಲ್ಲ ಬಿಡುಗಡೆ ಕಾಣುತ್ತಿದ್ದ ಹೊತ್ತಿನಲ್ಲಿ, ಅದೇ ಏಜಿಯನ್ ಕಡಲಿನ ಇನ್ನೊಂದು ದ್ವೀಪದಲ್ಲಿ ಗ್ರೀಕ್ ಭಾಷೆಯ ದೊಡ್ಡ ಕವಿಯೊಬ್ಬ ದಂಡೆ ದಾಟಿ ಎಲ್ಲಿಗೂ ಹೋಗಲಾರದೆ ಕೂತಿದ್ದ.

ರಿಟ್ಸೋಸ್‌ನ 'ಗಡೀಪಾರಿನ ದಿನಚರಿಗಳು' ಎಂಬ ಪದ್ಯಗಳು ಆ ಕಾಲದವು. ದಿನಾಂಕ ಹಾಕಿದ ಚಿಕ್ಕ ಚಿಕ್ಕ ಟಿಪ್ಪಣಿಗಳಂತಿವೆ. ಅಲ್ಲಿ 'ನಾನು' ಎನ್ನುವುದಕ್ಕಿಂತ ಹೆಚ್ಚಾಗಿ ಬರುವುದು 'ನಾವು'. ಚಳಿ, ಕಾವಲುಗಾರರು, ಬಾರದ ಕಾಗದ, ಗುಂಪಾಗಿ ಮಾಡುವ ಬಿಟ್ಟಿ ಕೆಲಸ. ಕಡಲು ಸದಾ ಎದುರಿಗಿದೆ. ಆದರೆ ಅದು ನೋಟವಲ್ಲ, ಗೋಡೆ. ಮಕ್ರೋನಿಸೋಸ್‌ನಲ್ಲಿ ಕೈದಿಗಳಿಂದ ತಪ್ಪೊಪ್ಪಿಗೆಯ ಹೇಳಿಕೆಗೆ ಸಹಿ ಹಾಕಿಸಲು ಚಿತ್ರಹಿಂಸೆ ಕೊಡುತ್ತಿದ್ದರು. ರಿಟ್ಸೋಸ್ ಅಲ್ಲಿ ಬರೆದ ಪದ್ಯಗಳನ್ನು ಬಾಟಲಿಗಳಲ್ಲಿ ತುಂಬಿ ನೆಲದಲ್ಲಿ ಹೂತಿಟ್ಟ. ನಿಕೊಲಸ್‌ಗೆ ಮರಳಿನ ಮೇಲೆ ಯಾರೋ ಬಿಟ್ಟುಹೋದ ಕವನ ಸಂಕಲನ ಸಿಗುತ್ತದೆ. ಇಲ್ಲಿ ಕವಿ ತನ್ನ ಕವಿತೆಗಳನ್ನು ಯಾರಿಗೂ ಸಿಗದಂತೆ ಮಣ್ಣಿಗೆ ಒಪ್ಪಿಸುತ್ತಾನೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದ ಮೇಲೆ 'ದಿ ಮೇಗಸ್' ನನಗೆ ಮೊದಲಿನಂತೆ ಉಳಿಯಲಿಲ್ಲ.

ಫೌಲ್ಸ್‌ಗೆ ಇತಿಹಾಸ ಗೊತ್ತಿರಲಿಲ್ಲವೆಂದಲ್ಲ. ಜರ್ಮನರ ಆಕ್ರಮಣದ ಕಾಲದಲ್ಲಿ ಹಳ್ಳಿಯ ಎಂಬತ್ತು ಜನರನ್ನು ಗುಂಡಿಟ್ಟು ಕೊಂದ ಕಥೆಯನ್ನು ಕಾಂಚಿಸ್ ಹೇಳುತ್ತಾನೆ. ಕಾದಂಬರಿಯಲ್ಲಿ ಮೈ ನಡುಗಿಸುವ ಭಾಗ ಅದು. ಆದರೆ ಆ ಎಂಬತ್ತು ಜನ ಸಾಯುವುದು ಯಾರಿಗಾಗಿ? ಸ್ವಾತಂತ್ರ್ಯವೆಂದರೆ ಏನು ಎಂದು ನಿಕೊಲಸ್ ಕಲಿಯಲಿಕ್ಕಾಗಿ. ಹಳ್ಳಿಯವರ ಸಾವು ಇಂಗ್ಲಿಷ್ ತರುಣನೊಬ್ಬನ ನೀತಿಪಾಠವಾಗುತ್ತದೆ. ಮೊದಲು ದ್ವೀಪವನ್ನು ಖಾಲಿ ಮಾಡಿ, ಆಮೇಲೆ ಅವನಿಗೆ ಬೇಕಾದ ಅರ್ಥದಿಂದ ತುಂಬುವುದು: ಕಾದಂಬರಿ ತನ್ನ ನಾಯಕನನ್ನು ಎಷ್ಟೇ ಗೇಲಿ ಮಾಡಿದರೂ ಈ ಅಭ್ಯಾಸವನ್ನು ಬಿಡುವುದಿಲ್ಲ.

ಇದು ಇಂಗ್ಲಿಷರದ್ದೇ ದೋಷವೆಂದು ಹೇಳಿ ಮುಗಿಸಬಹುದಿತ್ತು. ಗ್ರೀಕರೇ ಅದಕ್ಕೆ ಅಡ್ಡ ಬರುತ್ತಾರೆ. ದ್ವೀಪವನ್ನು ಮೊದಲು ಖಾಲಿ ಮಾಡಿದವನು ಸೊಫೋಕ್ಲಿಸ್. ಅವನು ಕನ್ನಡಿಗರಿಗೆ ಹೊಸಬನಲ್ಲ. ಬಿ.ಎಂ.ಶ್ರೀ.ಯವರ 'ಅಶ್ವತ್ಥಾಮನ್' ನಾಟಕದ ಹಿಂದಿರುವುದು ಅವನ 'ಏಜಾಕ್ಸ್'. ಅಲ್ಲಿಯೂ ನಾಯಕ ಜೊತೆಯವರಿಂದ ಬಿಡಿಸಿಕೊಂಡು ಒಬ್ಬನೇ ಕಡಲದಂಡೆಗೆ ನಡೆದುಹೋಗಿ ತನ್ನ ಕತ್ತಿಯ ಮೇಲೆ ಬೀಳುತ್ತಾನೆ. ಕ್ರಿ.ಪೂ. 409ರಲ್ಲಿ ಆಡಿದ 'ಫಿಲೋಕ್ಟೆಟೀಸ್' ನಾಟಕ ನಡೆಯುವುದು ಲೆಮ್ನೋಸ್‌ನಲ್ಲಿ. ಹಾವು ಕಚ್ಚಿದ ಕಾಲಿನ ಗಾಯ ನಾರುತ್ತದೆಂದು, ಅವನ ನರಳಾಟ ಕೇಳಲಾಗದೆಂದು, ಟ್ರಾಯ್‌ಗೆ ಹೊರಟ ಜೊತೆಗಾರರು ಫಿಲೋಕ್ಟೆಟೀಸನನ್ನು ಅಲ್ಲಿ ಬಿಟ್ಟುಹೋಗಿದ್ದಾರೆ. ಇದೇ ಕಥೆಯನ್ನು ಈಸ್ಕಿಲಸ್ ಮತ್ತು ಯೂರಿಪಿಡೀಸ್ ಕೂಡ ನಾಟಕ ಮಾಡಿದ್ದರು. ಅವರಲ್ಲಿ ಮೇಳದವರು ಲೆಮ್ನೋಸ್‌ನ ನಿವಾಸಿಗಳೇ. ಸೊಫೋಕ್ಲಿಸ್ ಅವರನ್ನೆಲ್ಲ ಅಳಿಸಿ, ಜನವಿದ್ದ ದ್ವೀಪವನ್ನು ನಿರ್ಜನ ಮಾಡಿದ. ಒಬ್ಬನ ನೋವು ದೊಡ್ಡದಾಗಿ ಕೇಳಬೇಕಾದರೆ ಸುತ್ತ ಯಾರೂ ಇರಬಾರದು ಎಂಬ ಕಲೆಯ ಲೆಕ್ಕ ಅದು.

ಆದರೆ ವ್ಯತ್ಯಾಸವೊಂದಿದೆ. ಫಿಲೋಕ್ಟೆಟೀಸ್ ಕುಂಟುತ್ತ ನಡೆಯುವುದು ಹಕ್ಕಿ ಹೊಡೆಯಲು, ನೀರು ತರಲು, ಸೌದೆ ಕಡಿಯಲು. ಹತ್ತು ವರ್ಷ ಹಾಗೆ ಎಳೆದ ಕಾಲು ಅವನಿಗೆ ಆ ನೆಲವನ್ನು ಕಲಿಸಿದೆ. ಅವನನ್ನು ನಂಬಿಸಿ ಬಿಲ್ಲು ಕಸಿದವರು ಬಂದದ್ದೂ ಅದೇ ತೀರಕ್ಕೆ. ಕೊನೆಗೆ ಹೊರಡುವಾಗ ಅವನು ಶಪಿಸುವುದಿಲ್ಲ. ತನ್ನ ಗುಹೆಗೆ, ಬುಗ್ಗೆಗಳಿಗೆ, ಬಂಡೆಗೆ ಬಡಿಯುವ ಕಡಲಿನ ಸದ್ದಿಗೆ ಒಂದೊಂದಾಗಿ ವಿದಾಯ ಹೇಳುತ್ತಾನೆ. ಸೊಫೋಕ್ಲಿಸ್ ದ್ವೀಪದ ಜನರನ್ನು ತೆಗೆದದ್ದು ನಿಜ, ದ್ವೀಪವನ್ನು ತೆಗೆಯಲಿಲ್ಲ.

ಇದೇ ಪುರಾಣವನ್ನು ರಿಟ್ಸೋಸ್ ಅರುವತ್ತರ ದಶಕದಲ್ಲಿ ಕೈಗೆತ್ತಿಕೊಂಡ. ಅವನು ತಾನೇ ಲೆಮ್ನೋಸ್‌ನಲ್ಲಿ ಕೈದಿಯಾಗಿದ್ದವನು. ಹಾಗಾಗಿ ಬಿಟ್ಟುಹೋದವರ ಮೇಲೆ ಫಿಲೋಕ್ಟೆಟೀಸ್ ಸಿಟ್ಟು ಕಾರುವ ಪದ್ಯವನ್ನು ನಾವು ನಿರೀಕ್ಷಿಸುತ್ತೇವೆ. ಅವನ ನೀಳ್ಗವಿತೆಯಲ್ಲಿ ಫಿಲೋಕ್ಟೆಟೀಸ್ ಮಾತೇ ಆಡುವುದಿಲ್ಲ. ಮಾತಾಡುವುದು ಹೊರಗಿನಿಂದ ಬಂದ ತರುಣ ನಿಯೋಪ್ಟೋಲೆಮಸ್. ಆ ಏಕಾಂತ ಅವನಿಗೆ ಬರೀ ಶಿಕ್ಷೆಯಾಗಿ ಕಾಣುವುದಿಲ್ಲ, ಯುದ್ಧಕೋರ ಲೋಕದಿಂದ ಹಿಂದೆ ಸರಿಯುವ ಆಯ್ಕೆಯಾಗಿಯೂ ಕಾಣುತ್ತದೆ. ಸೆರೆವಾಸ ಕಂಡ ಕವಿ ಬಂದವನಿಗೆ ಮಾತು ಕೊಟ್ಟು, ಇದ್ದವನಿಗೆ ಮೌನ ಕೊಟ್ಟ. ಮೇಲ್ನೋಟಕ್ಕೆ ಇದು ಫೌಲ್ಸ್ ಮಾಡಿದ್ದೇ. ಆದರೆ ಇಲ್ಲಿ ಮೌನವಾಗಿರುವವನು ಕೇಳಿಸಿಕೊಳ್ಳುತ್ತಿದ್ದಾನೆ. ಬಂದವನ ಒಂದೊಂದು ಮಾತೂ ಅವನ ಮುಖ ನೋಡಿಕೊಂಡು ಹೊರಡಬೇಕು. ಅವನು ಒಪ್ಪದಿದ್ದರೆ ಆ ಮಾತಿಗೆ ಬೆಲೆಯಿಲ್ಲ.

ಒಂಟಿ ನಡಿಗೆಯ ಬರಹಗಳನ್ನು ಓದುವಾಗ ನಾನು ಈಗ ಹುಡುಕುವುದು ಇದನ್ನೇ. ಬರೆದವರು ಒಬ್ಬರೇ ನಡೆದದ್ದು ತಪ್ಪಲ್ಲ. ಏಕಾಂತ ಯಾರಿಗೆ ಬೇಡ? ಆದರೆ ಆ ಕಾಲುದಾರಿ ಯಾರು ತುಳಿದು ಆದದ್ದು, ದಾರಿಬದಿಯ ಪಾಳುಗೋಡೆ ಯಾರ ಮನೆಯದ್ದು, ತೀರ ಖಾಲಿಯಿದ್ದರೆ ಅಲ್ಲಿದ್ದವರು ಎಲ್ಲಿಗೆ ಹೋದರು ಎಂಬ ಸಂಶಯ ಅವರಿಗೆ ಒಮ್ಮೆಯಾದರೂ ಬಂದಿದೆಯೇ? ಈಜಿ ಬಂದ ನಿಕೊಲಸ್‌ಗೆ ದಂಡೆಯ ಮೇಲಿನ ಟವೆಲ್ ಕಂಡಾಗ ಹುಟ್ಟಿದ್ದು ಅಂಥದೇ ಸಂಶಯ. ಅವನು ತಕ್ಷಣ ಕೇಳಿಕೊಂಡದ್ದು ನನ್ನನ್ನು ಯಾರು ನೋಡುತ್ತಿದ್ದಾರೆ ಎಂದು. ಇಲ್ಲಿ ಯಾರು ಬದುಕುತ್ತಿದ್ದಾರೆ ಎಂಬ ಪ್ರಶ್ನೆ ಆರುನೂರು ಪುಟ ದಾಟಿದರೂ ಅವನ ಬಾಯಿಗೆ ಸರಿಯಾಗಿ ಬರುವುದೇ ಇಲ್ಲ.