ಹಂಚಿನ ಅಡಿ ಹಾಸಿದ್ದೇನು?

ಮಿರಗದ ಮಳೆ ಹಿಡಿಯುವ ಮುಂಚಿನ ದಿನಗಳಲ್ಲಿ ಹುಬ್ಬಳ್ಳಿಯ ಉಣಕಲ್ಲಿನ ಹಳೇ ಊರಿನ ಓಣಿಗಳಲ್ಲಿ ತಲೆಯೆತ್ತಿದರೆ ಸಾಕು, ಮನೆಗಳ ಮೇಲೆ ಜನ ಕಾಣುತ್ತಾರೆ. ಒಬ್ಬ ಹಂಚು ಇಳಿಸುತ್ತಿರುತ್ತಾನೆ, ಒಬ್ಬ ಒಡೆದದ್ದನ್ನು ಬೇರೆ ಒಟ್ಟುತ್ತಿರುತ್ತಾನೆ, ಕೆಳಗಿನಿಂದ ಇನ್ನೊಬ್ಬ ತಾಡಪತ್ರಿಯ ಸುರುಳಿ ಮೇಲಕ್ಕೆ ಕೊಡುತ್ತಿರುತ್ತಾನೆ. ಹೊತ್ತು ಮುಳುಗುವುದರೊಳಗೆ ಹಂಚು ಮತ್ತೆ ಕೂತಿರುತ್ತದೆ. ಬೀದಿಯಿಂದ ನೋಡಿದವರಿಗೆ ಎಲ್ಲವೂ ಸರಿ. ಆ ಹಂಚಿನ ಅಡಿ ಏನು ಹಾಸಿದರು, ಹೇಗೆ ಹಾಸಿದರು ಎಂಬ ಪ್ರಶ್ನೆ ಜುಲೈನ ಜಿಟಿಜಿಟಿ ಮಳೆ ಹಿಡಿಯುವವರೆಗೆ ಯಾರಿಗೂ ಬರುವುದಿಲ್ಲ. ನನ್ನ ತಕರಾರು ಇಷ್ಟೇ: ನಮ್ಮಲ್ಲಿ ಈ ಕೆಲಸಕ್ಕೆ ಬಳಸುವ ಸಾಮಾನು ಅಷ್ಟೇನೂ ಕೆಟ್ಟದ್ದಲ್ಲ, ಹಾಸುವ ರೀತಿ ಕೆಟ್ಟದ್ದು.

ಉಣಕಲ್ಲಿಗೆ ಈ ಮಾತು ಬೇರೆ ಊರಿಗಿಂತ ಹೆಚ್ಚು ಸಲ್ಲುತ್ತದೆ. ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಇರುವುದು ಮನೆಗಳ ನಡುವೆ. ಅದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರ ತಿದ್ದುಪಡಿಯ ನಂತರ ಕಾನೂನು ಬಿಗಿಯಾಗಿದೆ: ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿಗೂ ಅನುಮತಿ ಬೇಕು. ಒಳಗಿನ ಹಳೇ ಮನೆಗಳಿಗೆ ಉಳಿದಿರುವುದು ರಿಪೇರಿ ಮಾತ್ರ, ಅದಕ್ಕೂ ಅರ್ಜಿ ಹಾಕಬೇಕು. ಬೇರೆ ಕಡೆಯಾದರೆ ಸೋರುವ ಮನೆಯನ್ನು ಕೆಡವಿ ಸ್ಲ್ಯಾಬ್ ಹಾಕುತ್ತಾರೆ. ಇಲ್ಲಿ ಅದೇ ಜಂತಿ, ಅದೇ ಹಂಚು ಇಟ್ಟುಕೊಂಡೇ ಮಳೆಗಾಲ ಕಳೆಯಬೇಕು. ಹಾಗಿರುವಾಗ ಹಂಚಿನ ಅಡಿಯ ಹಾಸು ಮನೆಯವರ ಕೈಯಲ್ಲಿ ಉಳಿದಿರುವ ದೊಡ್ಡ ತೀರ್ಮಾನ. ಅದನ್ನೇ ಗೌಂಡಿಯ ಮರ್ಜಿಗೆ ಬಿಡುತ್ತೇವೆ.

ಈ ಸೀಮೆಯ ಹಳೇ ಮಾಳಿಗೆ ಮನೆಗಳಲ್ಲಿ ಹೀಗಿರಲಿಲ್ಲ. ತೊಲೆ, ಜಂತಿ, ಅದರ ಮೇಲೆ ಹಲಗೆ ಅಥವಾ ಬಿದಿರು, ಬೇವಿನ ಇಲ್ಲವೇ ಲಕ್ಕಿಯ ಸೊಪ್ಪು, ಆಮೇಲೆ ಮಣ್ಣು, ಕೊನೆಗೆ ಸವಳು ಮಣ್ಣು. ಹೊಲದಲ್ಲಿ ಬೆಳೆ ಬಾರದಂತೆ ಮಾಡುವ ಆ ಸವಳೇ ಮಾಳಿಗೆಗೆ ಬೇಕಾಗಿತ್ತು. ಸೋಡಿಯಂ ಹೆಚ್ಚಿರುವ ಜೇಡಿ ಮೊದಲ ಮಳೆಗೆ ಉಬ್ಬಿ, ಕದಡಿ, ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ಆಮೇಲಿನ ನೀರು ಕೆಳಗಿಳಿಯುವುದು ಕಷ್ಟ. ಸೊಪ್ಪು ಗೆದ್ದಲನ್ನು ದೂರವಿಡಲಿಕ್ಕೆ, ಮಣ್ಣು ಉದುರದಂತೆ ಹಿಡಿಯಲಿಕ್ಕೆ. ಒಂದೊಂದು ಪದರಕ್ಕೂ ಒಂದೊಂದು ಕೆಲಸ. ಸೋರುತ್ತಿರಲಿಲ್ಲವೇ? ಸೋರುತ್ತಿತ್ತು, ಹುಲ್ಲು ಕೀಳದಿದ್ದರೆ, ವರ್ಷಕ್ಕೊಮ್ಮೆ ಹೊಸ ಸವಳು ಹಾಕದಿದ್ದರೆ. ಈ ಮಣ್ಣನ್ನು ಹೊಗಳುತ್ತ ಕೂಡುವವರ ಜತೆ ನಾನಿಲ್ಲ, ಅದರ ಭಾರಕ್ಕೆ ತೊಲೆ ಬಾಗಿ ಗೋಡೆ ಬಿರಿದ ಮನೆಗಳೂ ಇದೇ ಓಣಿಗಳಲ್ಲಿವೆ. ಆದರೆ ಕಟ್ಟಿದವರಿಗೆ ಯಾವ ಪದರ ಏಕೆ ಎಂಬುದು ಗೊತ್ತಿತ್ತು.

ಮಂಗಳೂರು ಹಂಚು ಬಂದ ಮೇಲೆ ಲೆಕ್ಕ ಬದಲಾಯಿತು. ಬಾಸೆಲ್ ಮಿಶನ್ ಧಾರವಾಡಕ್ಕೆ 1837ರಲ್ಲೇ, ಹುಬ್ಬಳ್ಳಿಗೆ 1839ರಲ್ಲೇ ಬಂದಿತ್ತು. ಅದೇ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂಡುವ ಆ ಹಂಚು ಹಗುರ, ಬೇಗ ಕೂಡಿಸಬಹುದು, ಒಡೆದರೆ ಒಂದನ್ನೇ ಬದಲಿಸಬಹುದು. ಕರಾವಳಿಯಲ್ಲಿ ಅದನ್ನು ಕಡಿದಾದ ಇಳಿಜಾರಿನ ಮೇಲೆ ಹಾಕುತ್ತಾರೆ, ಅನುಕೂಲಸ್ಥರು ಅಡಿಗೆ ಒಳಹಂಚನ್ನೋ ಮರದ ಹಲಗೆಯನ್ನೋ ಕೊಡುತ್ತಾರೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಕಟ್ಟಿಗೆ ಉಳಿಸಲು ಇಳಿಜಾರು ತಗ್ಗಿಸಿದರು, ಒಳಹಂಚನ್ನು ಬಿಟ್ಟೇಬಿಟ್ಟರು. ನೂರು ಚದರಡಿಗೆ ಸುಮಾರು 140–150 ಹಂಚು ಕೂಡುತ್ತವೆ, ನೀರು ನುಗ್ಗಲು ಅದರ ಹಲವು ಪಟ್ಟು ಸಂದು. ನೆಟ್ಟಗೆ ಬೀಳುವ ಮಳೆಯನ್ನು ಹಂಚಿನ ಜೋಡು ತಡೆಯುತ್ತದೆ, ಆದರೆ ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಗಾಳಿಯ ಜತೆ ನೀರನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಮೇಲೆ ಮಂಗಗಳು ಬೇರೆ. ಯಾವ ಕಂಪನಿಯ ಕೈಪಿಡಿಯೂ ಅವುಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಈಗ ಎಲ್ಲ ಕಡೆ ಕಾಣುವ ಹಾಸು ತಾಡಪತ್ರಿ ಇಲ್ಲವೇ ಹಳೇ ಫ್ಲೆಕ್ಸ್ ಬ್ಯಾನರ್. ಚುನಾವಣೆ ಮುಗಿದ ವರ್ಷ ಫ್ಲೆಕ್ಸ್‌ಗೆ ಬರವಿಲ್ಲ. ರಾತ್ರಿ ಅಂಗಾತ ಮಲಗಿದರೆ ರೀಪುಗಳ ನಡುವಿನಿಂದ ಸೋತ ಉಮೇದುವಾರರು ಕೈಮುಗಿದು ನೋಡುತ್ತಿರುತ್ತಾರೆ. ತಮಾಷೆ ಇರಲಿ, ಪಾಲಿಯೆಸ್ಟರ್ ನೂಲಿಗೆ ಪಿವಿಸಿ ಬಳಿದ ಆ ಬಟ್ಟೆ ನೀರನ್ನು ತಡೆಯುತ್ತದೆ, ಹಂಚಿನ ನೆರಳಿನಲ್ಲಿ ಬಿಸಿಲಿಗೆ ಬೇಗ ಹರಿಯುವುದೂ ಇಲ್ಲ. ಬಡವರ ಮನೆಗೆ ಅದು ಬಂದದ್ದನ್ನು ನಾನು ಹಳಿಯಲಾರೆ.

ಕೆಡುವುದು ಬೇರೆ ಕಡೆ. ಒಂದು ಹಂಚು ಎತ್ತಿ ನೋಡಿ. ಬಟ್ಟೆಯನ್ನು ರೀಪಿನ ಮೇಲೆ ಸುಮ್ಮನೆ ಹಾಸಿರುತ್ತಾರೆ, ಹಂಚು ನೇರ ಅದರ ಮೇಲೆ ಕೂತಿರುತ್ತದೆ. ಎರಡು ರೀಪುಗಳ ನಡುವೆ ಬಟ್ಟೆ ಜೋತು ಜೋಳಿಗೆಯಾಗಿರುತ್ತದೆ. ಸಂದಿನಿಂದ ಇಳಿದ ನೀರು ಕೆಳಕ್ಕೆ ಹರಿಯಲು ರೀಪೇ ಅಡ್ಡ, ಹಾಗಾಗಿ ಜೋಳಿಗೆಯಲ್ಲೇ ನಿಲ್ಲುತ್ತದೆ. ಅಲ್ಲಿ ಧೂಳು ಸೇರಿ ಕೆಸರಾಗುತ್ತದೆ, ಅದಕ್ಕೆ ತಾಗಿದ ರೀಪು ಒಂದೆರಡು ಮಳೆಗಾಲದಲ್ಲಿ ಉಗುರಿಗೆ ಸಿಗುವಷ್ಟು ಮೆತ್ತಗಾಗುತ್ತದೆ. ಎರಡು ತುಂಡು ಕೂಡುವ ಕಡೆ ನೋಡಿದರೆ ಕೆಳಗಿನ ತುಂಡು ಮೇಲಿನದರ ಮೇಲೆ ಬಂದಿರುತ್ತದೆ, ಏಕೆಂದರೆ ಕೆಲಸವನ್ನು ನೆತ್ತಿಯಿಂದ ಶುರು ಮಾಡಿರುತ್ತಾರೆ. ಸೂರಿನ ತುದಿಯಲ್ಲಿ ಬಟ್ಟೆಯನ್ನು ಗೋಡೆಯ ಒಳಗೇ ಕತ್ತರಿಸಿರುತ್ತಾರೆ, ಅಲ್ಲಿಯವರೆಗೆ ಹರಿದು ಬಂದ ಅಷ್ಟೂ ನೀರು ಗೋಡೆಯ ತಲೆಗೇ ಇಳಿಯುತ್ತದೆ. ಕೇಳಿದರೆ, “ಹಂಚ ಹಾಕಿದ ಮ್ಯಾಲ ಯಾರ ನೋಡತಾರ್ರೀ?” ಎಂಬ ಉತ್ತರ.

ಆಗಬೇಕಾದದ್ದು ದೊಡ್ಡ ವಿದ್ಯೆಯಲ್ಲ. ಸೂರಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು, ಮೇಲಿನ ತುಂಡು ಕೆಳಗಿನದರ ಮೇಲೆ ಅರ್ಧ ಅಡಿಯಾದರೂ ಬರಬೇಕು. ಬಟ್ಟೆಯ ಮೇಲೆ ಮೊದಲು ಇಳಿಜಾರಿನುದ್ದಕ್ಕೆ ತೆಳು ಪಟ್ಟಿ ಹೊಡೆದು, ಆ ಪಟ್ಟಿಯ ಮೇಲೆ ಹಂಚಿನ ರೀಪನ್ನು ಅಡ್ಡ ಹೊಡೆಯಬೇಕು. ಆಗ ಹಂಚಿಗೂ ಹಾಸಿಗೂ ನಡುವೆ ಇಂಚಿನಷ್ಟು ಜಾಗ ಸಿಗುತ್ತದೆ, ನೀರು ಕೆಳಗೆ ಹೋಗುತ್ತದೆ, ಗಾಳಿಯಾಡಿ ರೀಪು ಒಣಗುತ್ತದೆ. ಕೆಳತುದಿ ಗೋಡೆ ದಾಟಿ ತಗಡಿನ ದೋಣಿಯೊಳಕ್ಕೆ ಇಳಿಯಬೇಕು. ಈ ಹೆಚ್ಚುವರಿ ಪಟ್ಟಿಯ ಖರ್ಚು ಉಳಿಸಿ, ಅದಕ್ಕಿಂತ ತುಟ್ಟಿಯ ಹಾಳೆ ಕೊಂಡವರನ್ನು ಕಂಡಿದ್ದೇನೆ.

ಪತ್ರಾಸು, ಅಂದರೆ ತಗಡಿನ ಹಾಳೆ, ಹೊಡೆದು ಮೇಲೆ ಹಂಚು ಇಡುವ ಪದ್ಧತಿ ಬಟ್ಟೆ ಹಾಸುವುದಕ್ಕಿಂತ ಮೇಲು. ನೀರಿನ ಮಟ್ಟಿಗೆ ಅದಕ್ಕೆ ಪೂರ್ಣ ಅಂಕ, ಮಂಗ ಕುಣಿದರೂ ಕೆಳಗೆ ಹನಿ ಬೀಳದು. ಬರೀ ಪತ್ರಾಸಿನಂತೆ ಒಲೆಯಾಗುವುದೂ ಇಲ್ಲ, ಹಂಚು ಬಿಸಿಲನ್ನು ಮೇಲೇ ತಡೆಯುತ್ತದೆ.

ಹುಬ್ಬಳ್ಳಿ-ಧಾರವಾಡ ನಡುವಿನ ಹೊಸ ಬಡಾವಣೆಗಳಲ್ಲಿ ಅಲ್ಲೊಂದು ಇಲ್ಲೊಂದು ಶಿಂಗಲ್ ಚಾವಣಿ ತಲೆಯೆತ್ತಿದೆ, ಡಾಂಬರಿನ ಹಾಳೆಯ ಮೇಲೆ ಬಣ್ಣದ ಹರಳು ಅಂಟಿಸಿದ್ದು. ಅದನ್ನು ಕಂಡುಹಿಡಿದವರು ಅಡಿಯ ಹಾಸನ್ನು ಬಿಟ್ಟು ಯೋಚಿಸಿಲ್ಲ. ಅಮೆರಿಕದ ಕಟ್ಟಡ ಸಂಹಿತೆಯಲ್ಲಿ 12 ಇಂಚಿಗೆ 4 ಇಂಚು ಏರುವ ಇಳಿಜಾರಿದ್ದರೆ ಒಂದು ಪದರ, 2ರಿಂದ 4 ಇಂಚಿನೊಳಗಿದ್ದರೆ ಎರಡು ಪದರ, ಅದಕ್ಕೂ ಕಡಿಮೆಯಿದ್ದರೆ ಶಿಂಗಲ್ ಹಾಕುವಂತೆಯೇ ಇಲ್ಲ. ಸೂರಿನಲ್ಲಿ ಹಿಮ ಕಟ್ಟಿಕೊಳ್ಳುವ ಊರುಗಳಲ್ಲಿ ಅಂಟು ಹಾಳೆಯನ್ನು ಗೋಡೆಯಿಂದ 24 ಇಂಚು ಒಳಗಿನವರೆಗೆ ಹಾಕಬೇಕು. ಆ ನಿಯಮ ಉಣಕಲ್ಲಿಗೆ ಬೇಡ. ಬೇಕಾದದ್ದು ಮೊಳೆಯ ಸುತ್ತ ತಾನೇ ಬಿಗಿದುಕೊಳ್ಳುವ ಬಿಟುಮೆನ್ ಹಾಳೆ. ಐಎಸ್ 1322 ಗುರುತಿನ ಟಾರ್‌ಫೆಲ್ಟ್ ನಮ್ಮ ದೇಶದಲ್ಲೇ ತಯಾರಾಗುತ್ತದೆ. ಇಳಿಜಾರು ಸ್ಲ್ಯಾಬಿಗೆ ಸಿಮೆಂಟಿನಲ್ಲಿ ಹಂಚು ಅಂಟಿಸುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ ಹಂಚು ಅಲಂಕಾರ, ಸಿಮೆಂಟು ನೀರು ಹೀರಿ ಹಿಡಿದಿಡುತ್ತದೆ, ಸ್ಲ್ಯಾಬಿಗೆ ಮೊದಲೇ ವಾಟರ್‌ಪ್ರೂಫ್ ಮಾಡಿಸದಿದ್ದರೆ ಮುಂದೆ ಮಾಡಿಸಲು ಎಲ್ಲವನ್ನೂ ಕಿತ್ತೇ ಹಾಕಬೇಕು.

ಗೌಂಡಿಯೊಬ್ಬನನ್ನೇ ದೂರುವುದು ಸರಿಯಲ್ಲ. ಎಸ್ಟಿಮೇಟಿನಲ್ಲಿ ಹಂಚು, ರೀಪು, ಮೊಳೆ, ಕೂಲಿ ಇರುತ್ತವೆ. ಹಾಸಿಗೆ ಬೇರೆ ಸಾಲು ಇರುವುದಿಲ್ಲ, ಮನೆಯವರೂ ಕೇಳುವುದಿಲ್ಲ. ಬರೆಸಿದರೆ ಎಷ್ಟು ಪದರ, ಎಷ್ಟು ಇಂಚಿನ ಜೋಡು ಎಂದು ಕೇಳಲು ಬಾಯಿ ಬರುತ್ತದೆ. ಬಟ್ಟೆಯೋ ಫೆಲ್ಟೋ ಹಾಸಿ, ಪಟ್ಟಿ ಹೊಡೆದು, ಹಂಚು ಏರಿಸುವ ಮೊದಲು ಮನೆಯವರಲ್ಲಿ ಒಬ್ಬರು ಏಣಿ ಹತ್ತಿ ನೆತ್ತಿಯಿಂದ ಎರಡು ಬಕೆಟ್ ನೀರು ಸುರಿಸಿ, ಇನ್ನೊಬ್ಬರು ಒಳಗೆ ನಿಂತು ಮೇಲೆ ನೋಡಲಿ. ಗೌಂಡಿಗೆ ಸಿಟ್ಟು ಬಂದೀತು. ಸೋರಿದರೆ ಅವತ್ತಿನ ಕೂಲಿಯಲ್ಲೇ ಸರಿಯಾಗುತ್ತದೆ.