ಸಭೆಯ ಪುಸ್ತಕ ಮತ್ತು ವಂಶದ ಲೆಕ್ಕ

ಶಾಸನ, ಸ್ಥಳಪುರಾಣ, ಮಠದ ಕಡತಗಳು ವಂಶಾವಳಿ ರಚಿಸುವವರ ಪ್ರಿಯವಾದ ಆಕರಗಳು. ಇವುಗಳಲ್ಲಿ ಹೆಸರು ಉಳಿಯಬೇಕಾದರೆ ಪೂರ್ವಿಕನು ದಾನಿಯೋ ಅಧಿಕಾರಿಯೋ ವಿದ್ವಾಂಸನೋ ಆಗಿರಬೇಕು. ಮಗ್ಗದ ಮುಂದೆ ಕುಳಿತವನಿಗೂ ಹೆಂಚು ಸುಟ್ಟವನಿಗೂ ಅಲ್ಲಿ ಎಡೆ ವಿರಳ. ಅಂಥವರ ಹೆಸರನ್ನು ಕರಾವಳಿಯಲ್ಲಿ ಕಾಪಾಡಿದ ಶ್ರೇಯಸ್ಸು ಬಹುಮಟ್ಟಿಗೆ ಕ್ರೈಸ್ತ ಸಭೆಗಳ ದೀಕ್ಷಾಸ್ನಾನ, ವಿವಾಹ, ಮರಣಗಳ ಪುಸ್ತಕಗಳಿಗೆ ಸಲ್ಲಬೇಕು.

ಬಾಸೆಲ್ ಮಿಷನ್ನು ಮಂಗಳೂರಿಗೆ ಬಂದದ್ದು ೧೮೩೪ರಲ್ಲಿ. ದೀಕ್ಷೆ ಪಡೆದ ತುಳುವರಲ್ಲಿ ಬಿಲ್ಲವರು ಹೆಚ್ಚು. ಸಭೆಯನ್ನು ಸೇರಿದವನು ಮೂರ್ತೆಯ ಕಸುಬನ್ನು ಬಿಡಬೇಕಾಗುತ್ತಿತ್ತು. ಜಾತಿಯ ಆಸರೆಯೂ ತಪ್ಪುತ್ತಿತ್ತು. ಅವನ ಜೀವನೋಪಾಯಕ್ಕೆ ಮಿಷನ್ನಿನ ಉದ್ಯಮಗಳು ಒದಗಿದವು. ೧೮೪೧ರ ಅಚ್ಚುಕೂಟ, ೧೮೫೧ರಲ್ಲಿ ಬಂದ ಹಾಲರನಿಂದ ಬಲಗೊಂಡ ನೇಯ್ಗೆ, ೧೮೬೫ರಲ್ಲಿ ಪ್ಲೆಬ್ಸ್ಟನು ಆರಂಭಿಸಿದ ಹೆಂಚಿನ ಕಾರ್ಖಾನೆ ಇವುಗಳಲ್ಲಿ ಮುಖ್ಯವಾದವು. ಹೀಗೆ ಕೆಲಸ ಕಲಿಯಲು ಸೇರಿದ ಹುಡುಗನನ್ನು ಅರಿಯಲು ಎರಡು ಬಗೆಯ ದಾಖಲೆಗಳು ಬೇಕು. ಸಭೆಯ ಪುಸ್ತಕಕ್ಕೆ ಅವನು ಒಂದು ಆತ್ಮ. ಕಾರ್ಖಾನೆಯ ಲೆಕ್ಕಕ್ಕೆ ಒಂದು ಜೊತೆ ಕೈ. ಎರಡನ್ನೂ ಕೂಡಿಸಿ ಓದಿದಾಗಲೇ ಮನುಷ್ಯನು ಕಾಣಿಸುತ್ತಾನೆ.

ಇಷ್ಟರ ಮಟ್ಟಿಗೆ ಈ ಆಕರಗಳು ಸ್ತುತ್ಯವೇ. ಆದರೆ ಅವುಗಳನ್ನು ಆಧರಿಸಿ ವಂಶವೃಕ್ಷ ಬರೆಯುವವರು ಒಂದು ಮೂಲಭೂತ ಭೇದವನ್ನು ಮರೆಯುವುದುಂಟು. ತುಳುನಾಡಿನ ಅಳಿಯಸಂತಾನದಲ್ಲಿ ಬಳಿಯು ತಾಯಿಯಿಂದ ಬರುತ್ತದೆ. ಬಂಗೇರ, ಸಾಲಿಯಾನ್, ಕುಂದರ್ ಮೊದಲಾದವು ಹೀಗೆ ಇಳಿದುಬಂದ ಹೆಸರುಗಳು. ಸಭೆಯ ಪುಸ್ತಕವಾದರೋ ಮಗುವನ್ನು ತಂದೆಯ ಮನೆತನಕ್ಕೆ ಸೇರಿಸಿತು. ದೀಕ್ಷೆಯ ಹಿಂದೆ ತಾಯಿಯಿಂದ ಬಂದ ಹೆಸರು, ದೀಕ್ಷೆಯ ಮುಂದೆ ತಂದೆಯಿಂದ ಸಾಗತೊಡಗಿತು. ಅಕ್ಷರಗಳು ಅವೇ, ಅರ್ಥ ಬೇರೆ. ಮೊದಲು ದೀಕ್ಷೆ ಪಡೆದವನನ್ನೂ ದಾಟಿ ತಂದೆಯ ತಂದೆಯನ್ನೇ ಹುಡುಕುತ್ತ ಹೋಗುವ ಸಂಶೋಧಕನು, ಆ ಕಾಲದ ಕುಟುಂಬದ ಲೆಕ್ಕದಂತೆ, ಬೇರೊಂದು ಬಳಿಯ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಹೆಸರನ್ನು ಕೊಟ್ಟ ತಾಯಿಯೂ ಮನೆಯ ಯಜಮಾನನಾಗಿದ್ದ ಸೋದರಮಾವನೂ ಅವನ ವೃಕ್ಷದಿಂದ ಹೊರಗುಳಿಯುತ್ತಾರೆ.

೧೮೪೪ರಲ್ಲಿ ದೀಕ್ಷೆ ಪಡೆದ ಆನಂದರಾವ್ ಕೌಂಡಿನ್ಯರ ನಿದರ್ಶನವನ್ನು ಇಲ್ಲಿ ಮಾದರಿಯಾಗಿ ಕೊಡುವುದು ಸಲ್ಲದು. ಅವರು ಹರ್ಮನ್ ಎಂಬ ಹೆಸರನ್ನು ಕೂಡಿಸಿಕೊಂಡರೂ ಕೌಂಡಿನ್ಯವೆಂಬುದು ಉಳಿಯಿತು. ಅದು ಗೋತ್ರದ ಹೆಸರು. ಸಾರಸ್ವತರಲ್ಲಿ ಅದು ತಂದೆಯ ಕಡೆಯಿಂದಲೇ ಬರುವಂಥದು. ಅಲ್ಲಿ ಪುಸ್ತಕದ ಕ್ರಮಕ್ಕೂ ಮನೆತನದ ಕ್ರಮಕ್ಕೂ ವಿರೋಧವಿರಲಿಲ್ಲ.

ಚೆನ್ನೈಯ ಕನ್ನಡಿಗರಿಗೆ ಈ ವಿಚಾರ ದೂರದ್ದಲ್ಲ. ದಕ್ಷಿಣ ಕನ್ನಡವು ೧೯೫೬ರವರೆಗೆ ಮದರಾಸಿಗೆ ಸೇರಿತ್ತು. ಅಳಿಯಸಂತಾನದ ಕಾಯಿದೆಯನ್ನು ೧೯೪೯ರಲ್ಲಿ ಮಾಡಿದ್ದೂ ಮದರಾಸೇ. ಎಳುಂಬೂರಿನ ಪತ್ರಾಗಾರದಲ್ಲಿ ಆ ಜಿಲ್ಲೆಯ ಸರಕಾರಿ ಕಾಗದಗಳಿವೆ. ಸಭೆಯ ಪುಸ್ತಕ ಮೌನವಾಗುವಲ್ಲಿ ಭೂಮಿಯ ದಾಖಲೆ ಮಾತನಾಡಬಹುದು. ಎರಡೂ ಮೌನವಾದಲ್ಲಿ ತಾಯಿಯ ಹೆಸರಿನ ಸ್ಥಳವನ್ನು ಬರಿದಾಗಿ ಬಿಡುವುದೇ ಪ್ರಾಮಾಣಿಕತೆ. ಆ ಬರಿದಾದ ಸ್ಥಳವು ಅಲ್ಲೊಬ್ಬಳು ಇದ್ದಳೆಂಬುದನ್ನಾದರೂ ಹೇಳುತ್ತದೆ. ತಂದೆಯ ಸಾಲನ್ನು ಎಳೆದು ಅದನ್ನು ಮುಚ್ಚಿದರೆ ಅಷ್ಟೂ ಅಳಿಯುತ್ತದೆ.